ಹಗ್ಗ ಹರಿದರೆ ಹರಿಯಲಿ, ತೆಪ್ಪ ಉಳಿಯಲಿ

ಕಳೆದ ತಿಂಗಳು ದಾವಣಗೆರೆಯ ಕಡೆಯ ತಾಯಿಯೊಬ್ಬರು ನಮಗೊಂದು ಓಲೆ ಬರೆದಿದ್ದರು. ಅವರ ಒಬ್ಬನೇ ಮಗ ಹೊರದೇಶದಲ್ಲಿ ಓದುತ್ತಿದ್ದಾನೆ. ಕಡಲಿನ ಮೇಲೆ ತೇಲುವ ದೊಡ್ಡ ದೊಡ್ಡ ಕಟ್ಟಡಗಳನ್ನು ತುಂಡು ತುಂಡಾಗಿ ಮಾಡಿ ತಂದು ಜೋಡಿಸುವರಂತೆ. ಆ ತುಂಡುಗಳ ನಡುವಣ ಬಾಗುವ ಕೀಲುಗಳ ವಿಚಾರವಾಗಿಯೇ ಆತನ ವ್ಯಾಸಂಗವಂತೆ. "ನೀರಿನ ಮೇಲೆ ಮನೆ ನಿಂತೀತೇ? ಒಂದು ಕೀಲಿನ ಸಲುವಾಗಿ ನಾಲ್ಕು ವರ್ಷ ಓದುವುದುಂಟೇ? ಊರಿಗೆ ಬಾ ಎಂದರೆ ಬಾರನು, ನೀವಾದರೂ ತಿಳಿಯಹೇಳಿರಿ" ಎಂದು ಆ ತಾಯಿ ಬರೆದಿದ್ದರು. ಓಲೆಯನ್ನು ಓದಿ ಮುಗಿಸಿದ ನಮಗೆ ಆ ಮಗನಿಗೆ ಬುದ್ಧಿ ಹೇಳುವ ಮನಸ್ಸು ಬರಲಿಲ್ಲ. ಬದಲಾಗಿ, ನಾವೇ ಹಿಂದೊಮ್ಮೆ ಕಲಿಯಬೇಕಾಗಿ ಬಂದ ಬುದ್ಧಿಯೊಂದು ನೆನಪಾಯಿತು. ಅದು ಐರಣಿಯ ಹೊಳೆಯಲ್ಲಿ ನಡೆದ ಮಾತು.

ರಾಣೇಬೆನ್ನೂರು ತಾಲೂಕಿನ ಐರಣಿಯು ತುಂಗಭದ್ರೆಯ ಎಡದಂಡೆಯ ಊರು. ಅಲ್ಲಿಯ ಹೊಳೆಮಠವನ್ನೂ ಹಾಳುಬಿದ್ದ ಹಳೆಯ ಕೋಟೆಯನ್ನೂ ಹಾವೇರಿ ಜಿಲ್ಲೆಯ ವಾಚಕರು ಬಲ್ಲರು. ಹೊಳೆಯ ಈ ದಂಡೆಗೂ ಆ ದಂಡೆಗೂ ನಂಟಸ್ತಿಕೆ, ವ್ಯಾಪಾರ, ಜಾತ್ರೆ ಎಲ್ಲವೂ ಹಿಂದಿನಿಂದ ನಡೆದುಬಂದಿವೆ. ಅವನ್ನೆಲ್ಲ ದಾಟಿಸಿದ್ದು ಹರಗೋಲು. ನಮ್ಮ ಸೀಮೆಯವರು ಅದನ್ನು ತೆಪ್ಪವೆಂದೇ ಕರೆಯುವರು. ಬಿದಿರಿನ ಸೀಳುಗಳನ್ನು ದುಂಡಗೆ ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ಈ ಸಾಧನ ನೋಡುವುದಕ್ಕೆ ಏನೂ ಅಲ್ಲ. ಆದರೆ ೧೮೦೦ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಹರಿಹರದ ಬಳಿ ಈ ಹೊಳೆಯನ್ನು ದಾಟಿ ರಾಣೇಬೆನ್ನೂರಿನ ಕೋಟೆಯನ್ನು ಹಿಡಿದ ಆರ್ಥರ್ ವೆಲ್ಲೆಸ್ಲಿಯಂಥ ಸೇನಾನಿಯೂ ಮುಂದೆ ತನ್ನ ದಂಡಿಗಾಗಿ ಇಂಥ ಬುಟ್ಟಿದೋಣಿಗಳನ್ನು ಮಾಡಿಸಿದನು. ಬಂಡೆಗೆ ತಾಗಿದರೆ ಮರದ ದೋಣಿ ಒಡೆಯುತ್ತದೆ. ಬುಟ್ಟಿ ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಅದರ ಸತ್ವವೆಲ್ಲ ಆ ಬಾಗುವಿಕೆಯಲ್ಲಿದೆ.

೧೯೭೮ರ ಆಷಾಢದಲ್ಲಿ ನಾವು ಹದಿನೆಂಟರ ಹರೆಯದ ಸಾಧಕರು. ನಾವಿದ್ದ ಮಠದ ಪ್ರವಚನ ಮಂದಿರಕ್ಕೆ ಹದಿನೆಂಟು ಅಡಿಯ ಸಾಗವಾನಿ ತೊಲೆಯೊಂದನ್ನು ಆಚೆಯ ದಂಡೆಯಿಂದ ತರಬೇಕಾಗಿತ್ತು. ಹರಿಹರದ ಸೇತುವೆಯ ಮೇಲೆ ಬಂಡಿ ಹೂಡಿ ತರಬಹುದಿತ್ತು. ಬಂಡಿಯ ಬಾಡಿಗೆ ಉಳಿಯಲೆಂದು ಹೊಳೆಯಲ್ಲಿಯೇ ತರುವುದೆಂದು ನಾವು ಹುಡುಗರೇ ತೀರ್ಮಾನಿಸಿದೆವು. ಎರಡು ತೆಪ್ಪಗಳನ್ನು ಜೋಡಿಸಿ ಅವುಗಳ ಮೇಲೆ ತೊಲೆಯನ್ನು ಅಡ್ಡಲಾಗಿ ಇಟ್ಟು ಸಾಗಿಸಲು ಅಂಬಿಗರ ಹಿರಿಯರೊಬ್ಬರು ಒಪ್ಪಿದರು.

ಅಜ್ಜ ತೊಲೆಯ ಅಡಿಗೆ ಹುಲ್ಲಿನ ದಪ್ಪ ಸಿಂಬಿಗಳನ್ನು ಇಟ್ಟರು. ಎರಡು ತೆಪ್ಪಗಳ ನಡುವೆ ಹುಲ್ಲು ತುಂಬಿದ ಚೀಲವೊಂದನ್ನು ಇಳಿಬಿಟ್ಟರು. ತೊಲೆಯ ಒಂದು ತುದಿಯನ್ನು ಒಂದು ತೆಪ್ಪಕ್ಕೆ ಭದ್ರವಾಗಿ ಕಟ್ಟಿ, ಇನ್ನೊಂದು ತುದಿಯ ಹಗ್ಗವನ್ನು ನಾಲ್ಕು ಬೆರಳು ಸಡಿಲವಾಗಿ ಬಿಟ್ಟರು. ಆ ಸಡಿಲು ನಮ್ಮ ಕಣ್ಣಿಗೆ ಅವರ ಸೋಮಾರಿತನವಾಗಿ ಕಂಡಿತು. ನಾವು ಹಗ್ಗವನ್ನು ಬಿಚ್ಚಿ, ನಡುವೆ ಗೂಟ ಹಾಕಿ ತಿರುವಿ, ಅಲುಗಾಡದಂತೆ ಬಿಗಿದೆವು. ಸಿಂಬಿಗಳು ಜಾರುತ್ತವೆಂದು ಅವನ್ನೂ ಕಿತ್ತು ಒಗೆದೆವು. ಅಜ್ಜ ಒಂದೇ ಮಾತು ಹೇಳಿದರು: "ಮರಿದೇವರ, ಎರಡೂ ತೆಪ್ಪಕ್ಕ ತಮ್ಮ ತಮ್ಮ ಉಸುರು ಇರಬೇಕ್ರಿ. ಹಗ್ಗ ಹರಿದ್ರ ಹರೀಲಿ, ತೆಪ್ಪ ಉಳೀಬೇಕ್ರಿ." ನಾವು ಕೇಳಲಿಲ್ಲ. ನಮ್ಮ ಮೈಮೇಲಿನ ಕಾವಿಗೆ ಅಂಜಿ ಅವರು ಮತ್ತೆ ಮಾತಾಡಲಿಲ್ಲ.

ನಡುಹೊಳೆಯಲ್ಲಿ ಸೆಳವು ತಿರುಗುವ ಜಾಗಕ್ಕೆ ಬಂದಾಗ ಒಂದು ತೆಪ್ಪ ಏರಿತು, ಇನ್ನೊಂದು ಇಳಿಯಿತು. ತೊಲೆ ಬಾಗದು, ಹಗ್ಗ ಸಡಿಲದು. ಬಾಗಬೇಕಾದದ್ದು ತೆಪ್ಪದ ಅಂಚೇ ಆಯಿತು. ಬಿದಿರು ಲಟಲಟನೆ ಮುರಿದು ನೀರು ಒಳನುಗ್ಗಿತು. ಅಜ್ಜ ಹಗ್ಗ ಕೊಯ್ಯಲೆಂದು ಕುಡುಗೋಲು ಹಿಡಿದು ಕೈ ಚಾಚಿದರು. ಅದೇ ಕ್ಷಣಕ್ಕೆ ತೊಲೆ ಕುಸಿದು ಅವರ ಎರಡು ಬೆರಳುಗಳು ತೊಲೆಗೂ ಅಂಚಿಗೂ ನಡುವೆ ಸಿಕ್ಕಿ ಜಜ್ಜಿಹೋದವು. ಹಾಗಿದ್ದೂ ಅವರು ಹಗ್ಗ ಕೊಯ್ದರು. ತೊಲೆ ಹೊಳೆಯ ಪಾಲಾಯಿತು, ನಾವು ಉಳಿದ ತೆಪ್ಪವನ್ನು ಹಿಡಿದು ದಂಡೆ ಸೇರಿದೆವು. ಮರುದಿನ ತೊಲೆ ಕೆಳಗಿನ ಮಳಲಿನಲ್ಲಿ ಸಿಕ್ಕಿತು. ಅದು ಇಂದಿಗೂ ಆ ಮಂದಿರದಲ್ಲಿದೆ. ಅದರ ಕೆಳಗೆ ಕುಳಿತು ಮಾತನಾಡುವಾಗಲೆಲ್ಲ ನಮ್ಮ ಕಣ್ಣು ಒಮ್ಮೆ ಮೇಲಕ್ಕೆ ಹೋಗದೆ ಇರದು. ಅಜ್ಜನ ಆ ಬೆರಳುಗಳು ಮತ್ತೆ ಹುಟ್ಟು ಹಿಡಿಯಲಿಲ್ಲ.

ಆ ತಾಯಿಯ ಮಗ ಓದುತ್ತಿರುವುದು ಇದೇ ವಿದ್ಯೆಯನ್ನು. ಅದನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇವೆ.

ನೀರಿನ ಮೇಲೆ ತೇಲುವ ಯಾವುದೇ ವಸ್ತುವಿಗೆ ಆರು ಬಗೆಯ ಚಲನೆಗಳುಂಟು. ಹಿಂದೆ ಮುಂದೆ ಸರಿಯುವುದು, ಎಡಕ್ಕೆ ಬಲಕ್ಕೆ ಸರಿಯುವುದು, ಏರಿ ಇಳಿಯುವುದು ಇವು ಮೂರು. ಮಗ್ಗುಲಿಗೆ ಹೊರಳುವುದು, ಮೂತಿ ಎತ್ತಿ ಇಳಿಸುವುದು, ನಿಂತಲ್ಲಿಯೇ ತಿರುಗುವುದು ಇವು ಇನ್ನು ಮೂರು. ಅಲೆಯು ಬರುವ ದಿಕ್ಕನ್ನೂ ಅದರ ಉದ್ದವನ್ನೂ ಅನುಸರಿಸಿ ಈ ಆರರಲ್ಲಿ ಒಂದೊಂದು ಒಂದೊಂದು ಹೊತ್ತಿಗೆ ಪ್ರಬಲವಾಗುತ್ತದೆ. ಎರಡು ಘಟಕಗಳನ್ನು ಜೋಡಿಸುವವನು ಈ ಆರರಲ್ಲಿ ಯಾವುದನ್ನು ತಡೆಯಬೇಕು, ಯಾವುದಕ್ಕೆ ಎಡೆಗೊಡಬೇಕು ಎಂಬುದನ್ನು ಮೊದಲು ನಿರ್ಣಯಿಸಬೇಕು. ನಾವು ಹುಡುಗರು ಆರನ್ನೂ ತಡೆದೆವು. ಅಜ್ಜ ಎರಡನ್ನು ತಡೆದು ನಾಲ್ಕನ್ನು ಬಿಟ್ಟಿದ್ದರು.

ಹಾಗಾದರೆ ಒಂದೇ ಗಟ್ಟಿ ಹಲಗೆಯಂತೆ ಏಕೆ ಕಟ್ಟಬಾರದು? ಕಟ್ಟಬಹುದು, ಆದರೆ ಕಡಲು ಅದಕ್ಕೆ ದಂಡ ಕೇಳುತ್ತದೆ. ಆಳವಾದ ಕಡಲಿನಲ್ಲಿ ಎಂಟು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಸುಮಾರು ೧೦೦ ಮೀಟರು. ಹನ್ನೆರಡು ಸೆಕೆಂಡಿಗೊಮ್ಮೆ ಬರುವ ಅಲೆಯದು ಸುಮಾರು ೨೨೫ ಮೀಟರು. ತೇಲುವ ಕಟ್ಟಡದ ಉದ್ದವು ಅಲೆಯ ಉದ್ದಕ್ಕೆ ಸರಿಗಟ್ಟಿತೆಂದರೆ, ಒಮ್ಮೆ ಎರಡು ತುದಿಗಳು ಅಲೆಯ ನೆತ್ತಿಯ ಮೇಲಿದ್ದು ನಡು ಜೋಲುತ್ತದೆ. ಮರುಕ್ಷಣ ನಡು ನೆತ್ತಿಯ ಮೇಲಿದ್ದು ತುದಿಗಳು ಜೋಲುತ್ತವೆ. ನಡುವನ್ನು ಮುರಿಯುವ ಬಲ ಆಗ ಅತಿ ಹೆಚ್ಚು. ಹತ್ತು ಸೆಕೆಂಡಿಗೊಂದು ಅಲೆಯೆಂದು ಹಿಡಿದರೂ ದಿನಕ್ಕೆ ೮,೬೪೦ ಸಲ, ವರ್ಷಕ್ಕೆ ಮೂವತ್ತೊಂದು ಲಕ್ಷಕ್ಕೂ ಮಿಕ್ಕಿ ಈ ಬಾಗಾಟ ನಡೆಯುತ್ತದೆ. ತಂತಿಯನ್ನು ಅತ್ತಿತ್ತ ಬಾಗಿಸಿ ಬಾಗಿಸಿ ಮುರಿಯುವ ಮಕ್ಕಳ ಆಟ ಎಲ್ಲರೂ ಕಂಡದ್ದೇ. ಉಕ್ಕಿಗೂ ಅದೇ ಗತಿ.

ಗಟ್ಟಿಯಾಗಿ ಬೆಸೆದೂ ಗೆದ್ದವರುಂಟು. ಜಪಾನಿನವರು ಟೋಕಿಯೋ ಕೊಲ್ಲಿಯಲ್ಲಿ ೧೯೯೯ರ ಹೊತ್ತಿಗೆ ಸಾವಿರ ಮೀಟರು ಉದ್ದದ 'ಮೆಗಾ ಫ್ಲೋಟ್' ಎಂಬ ತೇಲುವ ಓಡುದಾರಿಯನ್ನು ತುಂಡುಗಳಾಗಿ ತಂದು ನೀರಿನ ಮೇಲೆಯೇ ಬೆಸುಗೆ ಹಾಕಿ ಒಂದಾಗಿಸಿದರು. ಅದರ ಮೇಲೆ ಸಣ್ಣ ವಿಮಾನಗಳನ್ನು ಇಳಿಸಿ ಏರಿಸಿ ಪರೀಕ್ಷೆಗಳನ್ನು ನಡೆಸಿದರು. ಆದರೆ ಅದು ದಂಡೆಗಳ ಆಸರೆಯಿದ್ದ ಶಾಂತ ಕೊಲ್ಲಿಯಲ್ಲಿತ್ತು, ಉದ್ದಕ್ಕೆ ಹೋಲಿಸಿದರೆ ಬಲು ತೆಳುವಾಗಿದ್ದು ಚಾಪೆಯಂತೆ ತಾನೇ ಬಾಗುತ್ತಿತ್ತು. ತೆರೆದ ಮಹಾಸಾಗರದ ಮಾತು ಬೇರೆ. ೧೯೯೦ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯವರು ಒಂದೂವರೆ ಕಿಲೋಮೀಟರಿನಷ್ಟು ಉದ್ದದ ಚಲಿಸುವ ಕಡಲನೆಲೆಯೊಂದನ್ನು ಕುರಿತು ಆಲೋಚಿಸಿದರು. ಕೆಲವರು ಘಟಕಗಳ ನಡುವೆ ಬಾಗಿಲಿನ ಕೀಲಿನಂಥ ಕೀಲು ಇರಲೆಂದರು, ಕೆಲವರು ಬಾಗುವ ಸೇತುವೆಗಳಿರಲೆಂದರು. ಮತ್ತೆ ಕೆಲವರು ಜೋಡಣೆಯೇ ಬೇಡ, ಪ್ರತಿಯೊಂದು ಘಟಕವೂ ಯಂತ್ರಬಲದಿಂದ ಪಕ್ಕದ್ದರ ಜೊತೆಗೆ ತಾನೇ ಸರಿಹೊಂದಿ ನಿಲ್ಲಲಿ ಎಂದರು. ಆ ನೆಲೆಯನ್ನು ಕಟ್ಟಲಿಲ್ಲ; ಆದರೆ ಕೀಲಿನ ಪ್ರಶ್ನೆಯೇ ಎಲ್ಲದರ ನಡುವಿನ ಪ್ರಶ್ನೆಯೆಂಬುದು ಅಲ್ಲಿಂದ ಸ್ಪಷ್ಟವಾಯಿತು.

ಕೀಲುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಬಾಗಿಲಿನ ಕೀಲು. ಮೂತಿ ಎತ್ತಿ ಇಳಿಸುವ ಒಂದು ಚಲನೆಗೆ ಮಾತ್ರ ಅದು ಎಡೆಗೊಡುತ್ತದೆ. ಅಲೆ ನೇರ ಎದುರಿನಿಂದ ಬಂದಾಗ ಬಾಗಿಸುವ ಬಲವನ್ನು ಅದು ಕರಗಿಸಿಬಿಡುತ್ತದೆ. ಓರೆಯಾಗಿ ಬಂದರೆ ಘಟಕಗಳು ತಿರುಚಿಕೊಳ್ಳಲು ಹವಣಿಸುತ್ತವೆ, ಆಗ ಕೀಲಿನ ಕೊಂಡಿಯ ಮೇಲೆ ಭಾರವೆಲ್ಲ ಬೀಳುತ್ತದೆ. ಎರಡನೆಯದು ಗುಂಡುಕೀಲು, ನಮ್ಮ ಹೆಗಲಿನ ಕೀಲಿನಂಥದು. ಎಲ್ಲ ಕಡೆಗೂ ತಿರುಗುತ್ತದೆ, ಆದರೆ ಕಳಚಿಕೊಳ್ಳುವುದಿಲ್ಲ. ಮೂರನೆಯದು ರಬ್ಬರು, ಉಕ್ಕಿನ ಹಗ್ಗ ಇವುಗಳಿಂದಾದ ಬಾಗುವ ಜೋಡಣೆ. ಘಟಕಗಳು ಒಂದರ ಮೇಲೊಂದು ಬಂದಾಗ ರಬ್ಬರು ಒತ್ತಡವನ್ನು ನುಂಗುತ್ತದೆ. ದೂರ ಸರಿದಾಗ ಹಗ್ಗ ಸೆಳೆದು ಹಿಡಿಯುತ್ತದೆ. ವಾಚಕರು ಗಮನಿಸಬೇಕು: ಅಜ್ಜ ಇಳಿಬಿಟ್ಟ ಹುಲ್ಲಿನ ಚೀಲವೂ ನಾಲ್ಕು ಬೆರಳು ಸಡಿಲವಾಗಿದ್ದ ಹಗ್ಗವೂ ಈ ಮೂರನೆಯ ಬಗೆಗೇ ಸೇರಿದವು.

ನಮ್ಮ ಒಕ್ಕಲುತನದಲ್ಲಿಯೂ ಈ ತಿಳಿವಳಿಕೆ ಇದ್ದದ್ದೇ. ಬಂಡಿಗೆ ನೊಗವನ್ನು ಮೊಳೆ ಹೊಡೆದು ಕೂರಿಸುವುದಿಲ್ಲ, ಮಿಣಿಯಿಂದ ಕಟ್ಟುತ್ತಾರೆ. ಎರಡು ಎತ್ತುಗಳ ಹೆಜ್ಜೆ ಒಂದೇ ಅಲ್ಲ, ಹೊಲದ ದಾರಿ ಸಮವಲ್ಲ. ಮಿಣಿಯು ಆ ಅಂತರವನ್ನು ತಾಳಿಕೊಳ್ಳುವುದರಿಂದ ಎತ್ತಿನ ಹೆಗಲೂ ಉಳಿಯುತ್ತದೆ, ಬಂಡಿಯೂ ಉಳಿಯುತ್ತದೆ.

ಆದರೆ ಸಡಿಲು ಇದ್ದರೆ ಸಾಕೆಂದು ಯಾರೂ ತಿಳಿಯಬಾರದು. ನಾಗರಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿಗೆ ತನ್ನದೇ ಆದ ಒಂದು ಲಯವುಂಟು. ಆ ಲಯಕ್ಕೆ ಸರಿಯಾಗಿ ಸಣ್ಣ ಮಗುವೊಂದು ನೂಕುತ್ತಾ ಹೋದರೂ ಜೋಕಾಲಿ ಮುಗಿಲಿಗೇರುತ್ತದೆ. ಬಾಗುವ ಕೀಲಿಗೂ ತನ್ನದೊಂದು ಲಯವಿರುತ್ತದೆ. ಅಲೆಯ ಲಯವೂ ಅದೇ ಆಗಿಬಿಟ್ಟರೆ ಸಣ್ಣ ಅಲೆಯೇ ಘಟಕಗಳನ್ನು ಹುಚ್ಚು ಕುಣಿಸುತ್ತದೆ. ಬಿಗುವು ಹೆಚ್ಚಾದರೆ ಕೀಲಿನ ಮೇಲೆ ಬಲ ಹೆಚ್ಚು; ಬಿಗುವು ಕಡಿಮೆಯಾದರೆ ಘಟಕಗಳು ಒಂದನ್ನೊಂದು ಢಿಕ್ಕಿ ಹೊಡೆಯುತ್ತವೆ. ಆದ್ದರಿಂದ ಅಲ್ಲಿಯ ಅಲೆಗಳ ಲಯವನ್ನು ವರ್ಷಗಟ್ಟಲೆ ಅಳೆದು, ಅದಕ್ಕೆ ಸಿಕ್ಕದ ಬಿಗುವನ್ನು ಆರಿಸಬೇಕು. ಜೊತೆಗೆ ಚಲನೆಯ ರಭಸವನ್ನು ಮೆಲ್ಲನೆ ಹೀರಿ ಶಮನಗೊಳಿಸುವ ಗುಣವನ್ನೂ ಕೀಲಿಗೆ ಕೊಡಬೇಕು. ಬಿಗುವು, ಸಡಿಲು, ಶಮನ ಈ ಮೂರೂ ಹದವಾಗಿ ಕೂಡಿದಾಗಲೇ ಕೀಲು ಕೀಲೆನಿಸುತ್ತದೆ. ಒಂದು ಕೀಲಿನ ಸಲುವಾಗಿ ನಾಲ್ಕು ವರ್ಷ ಓದುವುದುಂಟೇ ಎಂದು ಕೇಳಿದ ತಾಯಿಗೆ ಇದೇ ನಮ್ಮ ಉತ್ತರ.

ಈ ಹದ ತಪ್ಪಿದರೆ ಆಗುವುದೇನೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ೨೦೨೨ರ ಮೇ ತಿಂಗಳ ಮೊದಲ ವಾರದಲ್ಲಿ ಉಡುಪಿಯ ಮಲ್ಪೆ ಕಡಲತೀರದಲ್ಲಿ ಪ್ರವಾಸಿಗರಿಗಾಗಿ ತೇಲುವ ಸೇತುವೆಯೊಂದು ತೆರೆಯಿತು. ಸುಮಾರು ೧೦೦ ಮೀಟರು ಉದ್ದ, ಮೂರೂವರೆ ಮೀಟರು ಅಗಲ. ಪ್ಲಾಸ್ಟಿಕ್ಕಿನ ಟೊಳ್ಳು ಪೆಟ್ಟಿಗೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕಡಲಿನೊಳಕ್ಕೆ ಚಾಚಿದ್ದರು. ಕೆಲವೇ ದಿನಗಳಲ್ಲಿ ಕಡಲು ಉಬ್ಬಿತು, ಸೇತುವೆಯ ತುಂಡುಗಳು ಕಳಚಿ ಅಲೆಗಳ ಪಾಲಾದವು. ಪ್ರಾಣಹಾನಿಯಾಗಲಿಲ್ಲವೆಂಬುದೇ ಸಮಾಧಾನ. ೨೦೨೪ರ ಮಾರ್ಚಿಯಲ್ಲಿ ಕೇರಳದ ವರ್ಕಲದಲ್ಲಿ ಇಂಥದೇ ಸೇತುವೆಯ ಮೇಲೆ ಜನರಿದ್ದಾಗಲೇ ಅಲೆ ಅಪ್ಪಳಿಸಿ ಹಲವರು ಗಾಯಗೊಂಡರು. ಕೆರೆಯ ನೀರಿನಲ್ಲಿ ಹಾಯಾಗಿರುವ ಜೋಡಣೆ ಅಲೆ ಒಡೆಯುವ ತೀರದಲ್ಲಿ ಹಾಗಿರದು. ಅಲೆ ಒಡೆಯುವ ಜಾಗದಲ್ಲಿ ನೀರು ಏರಿಳಿಯುವುದಷ್ಟೇ ಅಲ್ಲ, ಗುದ್ದುತ್ತದೆ. ಪ್ರತಿ ಗುದ್ದೂ ಕೊಂಡಿಯ ಮೇಲೆಯೇ ಬೀಳುತ್ತದೆ. ಮಕ್ಕಳು ಮರಿಗಳೊಂದಿಗೆ ಕಡಲತೀರಕ್ಕೆ ಹೋಗುವ ನಮ್ಮ ವಾಚಕರು ಇದನ್ನು ನೆನಪಿನಲ್ಲಿಡಬೇಕು. ಕಡಲು ಉಬ್ಬಿದ ದಿನ ಅಂಥ ಸೇತುವೆಯನ್ನು ಹತ್ತದಿರುವುದೇ ವಿವೇಕ.

ಹದವನ್ನು ಕಂಡುಕೊಂಡವರ ನಿದರ್ಶನವೂ ಇದೆ. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರ ಜೂನಿನಲ್ಲಿ, ಮಿತ್ರರಾಷ್ಟ್ರಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ 'ಮಲ್ಬೆರಿ' ಎಂಬ ಎರಡು ಬಂದರುಗಳನ್ನೇ ತುಂಡುಗಳಾಗಿ ಎಳೆದುಕೊಂಡು ಹೋದವು. ಹಡಗಿನಿಂದ ದಂಡೆಗೆ ಲಾರಿಗಳು ಸಾಗಲು ತೇಲುವ ರಸ್ತೆಗಳಿದ್ದವು. ಅವುಗಳ ವಿನ್ಯಾಸ ಆಲನ್ ಬೆಕೆಟ್ ಎಂಬ ಇಂಜಿನಿಯರರದು. ಸುಮಾರು ೨೪ ಮೀಟರು ಉದ್ದದ ಒಂದೊಂದು ಉಕ್ಕಿನ ತೊಲೆಸೇತುವೆಯೂ ತೇಲುಗಗಳ ಮೇಲೆ ಕುಳಿತಿತ್ತು. ಅಲೆಗೆ ತಕ್ಕಂತೆ ಏರಿಳಿಯುವುದಷ್ಟೇ ಅಲ್ಲ, ತಿರುಚಿಕೊಳ್ಳುವುದಕ್ಕೂ ಅವರು ಅದರಲ್ಲಿ ಎಡೆ ಇರಿಸಿದ್ದರು. ರಸ್ತೆಯನ್ನು ಹಿಡಿದು ನಿಲ್ಲಿಸಲು ವಿಶೇಷವಾದ ಲಂಗರನ್ನೂ ಅವರೇ ರೂಪಿಸಿದರು. ಜೂನ್ ೧೯ರಿಂದ ಮೂರು ದಿನ ಬೀಸಿದ ಬಿರುಗಾಳಿಗೆ ಎರಡರಲ್ಲಿ ಒಂದು ಬಂದರು ಹಾಳಾಯಿತು. ಆರೊಮಾಂಷ್ ಎಂಬಲ್ಲಿದ್ದ ಇನ್ನೊಂದು ತಾಳಿಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಿತು. ಕೀಲು ಒಳ್ಳೆಯದಿದ್ದರೂ ಲಂಗರು ಗಟ್ಟಿಯಿರಬೇಕೆಂಬುದು ಅಲ್ಲಿಯ ಪಾಠ. ಬಾಗುವುದಕ್ಕೂ ಒಂದು ನೆಲೆ ಬೇಕು.

ಇದಕ್ಕೆ ಬಹಳ ಹಿಂದೆ, ಕ್ರಿಸ್ತಪೂರ್ವ ೪೮೦ರಲ್ಲಿ, ಪರ್ಷಿಯಾದ ಅರಸ ಜರ್ಕ್ಸೀಸನು ಹಡಗುಗಳನ್ನು ಸಾಲಾಗಿ ಕಟ್ಟಿ ಸಮುದ್ರದ ಜಲಸಂಧಿಗೆ ಸೇತುವೆ ಮಾಡಿಸಿದ ಕಥೆಯನ್ನು ಹೆರೊಡೋಟಸನು ಹೇಳುತ್ತಾನೆ. ಮೊದಲ ಸೇತುವೆ ಬಿರುಗಾಳಿಗೆ ಹರಿದುಹೋದಾಗ ಅರಸನು ಸಿಟ್ಟಿಗೆದ್ದು ಸಮುದ್ರಕ್ಕೆ ಮುನ್ನೂರು ಛಡಿಯೇಟು ಹೊಡೆಸಿದನಂತೆ. ಓದಿ ನಕ್ಕ ನಮಗೆ ಮರುಗಳಿಗೆಯಲ್ಲಿಯೇ ನಗು ನಿಂತಿತು. ತೊಲೆ ಹೊಳೆಯ ಪಾಲಾದ ದಿನ ನಾವೂ ಹೊಳೆಯನ್ನೇ ಬೈದಿದ್ದೆವು.

ನಮ್ಮ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ವಿದ್ವಾಂಸರು ಕೊಳವೆಗಳನ್ನು ಚಾಪೆಯಂತೆ ಅಡ್ಡ ಉದ್ದ ಹೆಣೆದು, ಲಂಗರು ಹಾಕಿ ತೇಲಿಬಿಟ್ಟು ಅಲೆಯ ಬಲವನ್ನು ತಗ್ಗಿಸುವ ಅಲೆತಡೆಗಳ ಮಾದರಿಗಳನ್ನು ಪ್ರಯೋಗಶಾಲೆಯ ಅಲೆತೊಟ್ಟಿಯಲ್ಲಿ ಪರೀಕ್ಷಿಸಿದ್ದಾರೆ. ದಕ್ಷಿಣ ಕೊರಿಯಾದ ಬುಸಾನ್ ನಗರಕ್ಕಾಗಿ ತೇಲುವ ಬಡಾವಣೆಯೊಂದರ ನಕ್ಷೆ ೨೦೨೨ರಲ್ಲಿ ಪ್ರಕಟವಾಯಿತು. ಕಡಲು ಏರುತ್ತಿರುವ ಈ ಕಾಲದಲ್ಲಿ, ನೆಲ ಕಳೆದುಕೊಳ್ಳಲಿರುವ ತೀರದ ಜನರಿಗೆ ಇಂಥ ವಿದ್ಯೆ ಮುಂದೆ ಆಸರೆಯಾಗಬಹುದು. ನೀರಿನ ಮೇಲೆ ಮನೆ ನಿಂತೀತೇ ಎಂದು ಕೇಳಿದಿರಿ, ತಾಯೀ. ಮರೆಯಿರುವ ನೀರಿನಲ್ಲಿ ನಿಲ್ಲುತ್ತದೆ. ತೆರೆದ ಕಡಲಿನಲ್ಲಿ ನಿಲ್ಲಬೇಕಾದರೆ ನಿಮ್ಮ ಮಗನಂಥವರು ಕೀಲಿನ ಹದವನ್ನು ಕಂಡುಹಿಡಿಯಬೇಕು.

ಹೋದ ಕಾರ್ತಿಕದಲ್ಲಿ ಪ್ರವಚನದ ನಿಮಿತ್ತ ಆ ಸೀಮೆಗೆ ಹೋಗಿದ್ದಾಗ ನಾವು ಐರಣಿಗೆ ಹೋಗಿ ಆ ಅಂಬಿಗರ ಮನೆಯನ್ನು ಹುಡುಕಿಕೊಂಡು ಹೋದೆವು. ಅಜ್ಜ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗನು ನಮ್ಮನ್ನು ಕೂರಿಸಿ ಹಾಲು ಕೊಟ್ಟನು. ತಪ್ಪು ನಮ್ಮದೆಂದು, ಬಿಗಿದವರು ನಾವೆಂದು, ಅಷ್ಟು ವರ್ಷ ಹೇಳದೆ ಉಳಿದದ್ದನ್ನು ಅಂದು ಹೇಳಿದೆವು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ ಯಾರ ಹೆಸರೂ ಹೇಳಲಿಲ್ರಿ ಅಜ್ಜಾರ. ಹೊಳಿಯಾಗ ಹಗ್ಗ ಜಗ್ಗಿತು ಅಂತಿದ್ದ, ಅಷ್ಟ" ಎಂದನು. ಬಿಗಿದವರನ್ನೂ ಬಿಟ್ಟುಕೊಡದ ಆ ಹಿರಿಯರ ದೊಡ್ಡತನದ ಮುಂದೆ ನಮ್ಮ ಓದು ಬರಹ ಎಷ್ಟರದು ಎನ್ನಿಸಿತು.

ಮನೆತನಗಳಲ್ಲಿಯೂ ನಾವು ಕಾಣುವುದು ಇದನ್ನೇ. ಅಣ್ಣ ತಮ್ಮಂದಿರು, ಅತ್ತೆ ಸೊಸೆಯರು, ದೂರದ ಊರಿನಲ್ಲಿರುವ ಮಕ್ಕಳು ಇವರೆಲ್ಲ ಒಂದೊಂದು ತೆಪ್ಪ. ಅಲುಗಾಡದಂತೆ ಬಿಗಿದು ಕಟ್ಟಿದ ಮನೆ ಮೊದಲ ಸೆಳವಿಗೇ ಅಂಚು ಮುರಿದುಕೊಳ್ಳುತ್ತದೆ. ಕಟ್ಟೇ ಇಲ್ಲದ ಮನೆ ಚೆದರಿಹೋಗುತ್ತದೆ. ಮಗನು ಊರಿಗೆ ಬಾರನೆಂದು ದುಃಖಿಸುವ ತಾಯಿ, ವಾರಕ್ಕೊಮ್ಮೆ ಆತನ ಧ್ವನಿ ಕೇಳುತ್ತಿದ್ದರೆ ಹಗ್ಗ ಇದೆಯೆಂದೇ ತಿಳಿಯಬೇಕು. ಆ ಹಗ್ಗಕ್ಕೆ ನಾಲ್ಕು ಬೆರಳು ಸಡಿಲು ಇರಲಿ. ಆತನಿಗೂ ನಾವು ಹೇಳುವುದುಂಟು: ಬಾಗುವ ಕೀಲಿಗೂ ಲಂಗರು ಬೇಕು, ವರ್ಷಕ್ಕೊಮ್ಮೆಯಾದರೂ ತಾಯಿಯ ಮನೆಯ ಹೊಸ್ತಿಲು ತುಳಿದು ಹೋಗು.